ಮೇ 1ಕ್ಕೆ ಆಕ್ಸ್‌ಫರ್ಡ್‌ನಲ್ಲಿ ಮಾರಿಸ್ ಕುಣಿತ: ಅಪ್ಪ ಅಮ್ಮನನ್ನು ಕರೆದುಕೊಂಡು ಬರಬಹುದಾ?

ಖಂಡಿತ ಬನ್ನಿ. ಆದರೆ ಬೆಳಿಗ್ಗೆ ಕಾಲೇಜಿನ ಗೋಪುರದ ಮೇಲೆ ಹಾಡುವ ಹಾಡು ಕೇಳಿ ತಕ್ಷಣ ಲಂಡನ್ ರೈಲು ಹಿಡಿಯಬಹುದಾ ಅಂತ ಕೇಳಿದ್ದೀರಲ್ಲ, ಅದನ್ನು ಮಾತ್ರ ಮಾಡಬೇಡಿ. ಮಾರಿಸ್ ಅಂದರೆ ಇಂಗ್ಲೆಂಡಿನ ಜನಪದ ಕುಣಿತ, ಅದು ಬೀದಿಬೀದಿಯಲ್ಲಿ ರಂಗೇರುವುದೇ ಹಾಡು ಮುಗಿದ ಮೇಲೆ.

ನಾನು ಇದೇ ಊರಿನಲ್ಲಿದ್ದೇನೆ. ಬೆಳಿಗ್ಗೆ 6ಕ್ಕೆ ಮಾಡ್ಲಿನ್ ಕಾಲೇಜಿನ ಗೋಪುರದ ತುದಿಯಿಂದ ಗಾಯಕರು ಲ್ಯಾಟಿನ್ ಸ್ತುತಿಯೊಂದನ್ನು ಹಾಡುತ್ತಾರೆ. ಕೆಳಗೆ ಸಾವಿರಾರು ಜನ, ವಿಪರೀತ ನೂಕಾಟ. ವಯಸ್ಸಾದವರು ಜೊತೆಗಿದ್ದರೆ ಅಲ್ಲಿ ನಿಲ್ಲುವುದು ಬೇಡ. ಸ್ವಲ್ಪ ಒಳಗೆ, ರಾಡ್‌ಕ್ಲಿಫ್ ಸ್ಕ್ವೇರ್ ಅಥವಾ ಬ್ರಾಡ್ ಸ್ಟ್ರೀಟ್ ಕಡೆ ಜಾಗ ಹಿಡಿಯಿರಿ. ಹಾಡು ಮುಗಿದ ಮೇಲೆ ಕುಣಿತದ ತಂಡಗಳು ಆ ಕಡೆಗೇ ಬರುತ್ತವೆ. ಮಾಡ್ಲಿನ್ ಸೇತುವೆ ಮೇಲೆ ಆ ಹೊತ್ತಿನಲ್ಲಿ ವಾಹನ ಬಿಡುವುದಿಲ್ಲ, ಹಿಂದಿನ ರಾತ್ರಿಯೇ ಬಂದು ಉಳಿದುಕೊಳ್ಳುವುದು ಒಳ್ಳೆಯದು. ಸ್ವೆಟರ್ ಮರೆಯಬೇಡಿ.

ಈ ಭಾಗದ ಕುಣಿತದಲ್ಲಿ ಸಾಮಾನ್ಯವಾಗಿ ಆರು ಜನ, ಮೂವರ ಎರಡು ಸಾಲು. ಬಿಳಿ ಬಟ್ಟೆ, ಮೊಣಕಾಲ ಕೆಳಗೆ ಗೆಜ್ಜೆ ಪಟ್ಟಿ. ಕೆಲವು ಕುಣಿತಕ್ಕೆ ಕೈಯಲ್ಲಿ ಕರ್ಚೀಫು, ಕೆಲವಕ್ಕೆ ಕೋಲು. ಕೋಲಿಗೆ ಕೋಲು ತಾಗಿದಾಗ ನಿಮ್ಮ ಅಮ್ಮನಿಗೆ ಕೋಲಾಟ ನೆನಪಾಗದೇ ಇರದು. ಎಲ್ಲರೂ ಕರ್ಚೀಫನ್ನೇ ನೋಡುತ್ತಾರೆ. ನೀವು ಕಾಲು ನೋಡಿ. ಆರೂ ಜನ ಒಟ್ಟಿಗೆ ನೆಗೆದು ಒಟ್ಟಿಗೆ ನೆಲಕ್ಕೆ ಬಂದರೆ ಅಷ್ಟೂ ಗೆಜ್ಜೆ ಒಂದೇ ಸದ್ದು ಮಾಡುತ್ತವೆ. ಒಳ್ಳೆಯ ತಂಡ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ. ಆದಷ್ಟು ವಾದ್ಯದವರ ಹತ್ತಿರ ನಿಲ್ಲಿ. ಕುಣಿಯುವವರ ನೆಗೆತ ನೋಡಿಕೊಂಡೇ ಅವರು ತಾಳವನ್ನು ತುಸು ತಡೆದು ಮತ್ತೆ ಬಿಡುತ್ತಾರೆ. ಅದನ್ನು ನೋಡುವುದೇ ಒಂದು ಖುಷಿ.

ಇದೆಲ್ಲ ಇವತ್ತಿಗೆ ಉಳಿದಿರುವುದಕ್ಕೆ ಈ ಊರಿಗೆ ದೊಡ್ಡ ಪಾಲಿದೆ. 1899ರ ಕ್ರಿಸ್‌ಮಸ್ ಮರುದಿನ, ಇಲ್ಲೇ ಪಕ್ಕದ ಹೆಡಿಂಗ್ಟನ್‌ನಲ್ಲಿ, ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ತಾವು ಉಳಿದುಕೊಂಡಿದ್ದ ಮನೆಯ ಮುಂದೆ ಈ ಕುಣಿತ ನೋಡಿದರು. ಅದು ಕುಣಿಯುವ ಕಾಲವಲ್ಲ. ಚಳಿಗೆ ಕಟ್ಟಡದ ಕೆಲಸ ನಿಂತು ಕುಣಿಯುವವರ ಕೈಯಲ್ಲಿ ಕಾಸಿರಲಿಲ್ಲ, ಅದಕ್ಕೇ ಕುಣಿಯಲು ಹೊರಟಿದ್ದರು. ಕಾನ್ಸರ್ಟಿನಾ (ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಪುಟ್ಟ ವಾದ್ಯ) ನುಡಿಸುತ್ತಿದ್ದವರು ವಿಲಿಯಂ ಕಿಂಬರ್, ಗಾರೆ ಕೆಲಸದವರು. ಮರುದಿನ ಕಿಂಬರ್ ಅವರನ್ನು ಶಾರ್ಪ್ ಕರೆಸಿ ಐದು ಮಟ್ಟು ಬರೆದುಕೊಂಡರು. 1905ರಲ್ಲಿ ಮೇರಿ ನೀಲ್ ಎಂಬಾಕೆ ಕಿಂಬರ್ ಅವರನ್ನು ಲಂಡನ್‌ಗೆ ಕರೆಸಿ, ತಮ್ಮ ಕ್ಲಬ್ಬಿನ ಹೊಲಿಗೆ ಕೆಲಸದ ಹುಡುಗಿಯರಿಗೆ ಅವರಿಂದ ಕುಣಿತ ಕಲಿಸಿದರು. ಆ ಹುಡುಗಿಯರು ಊರೂರಿಗೆ ಹೋಗಿ ಬೇರೆಯವರಿಗೆ ಕಲಿಸಿದರು. ಇದು ಗಂಡಸರ ಕುಣಿತ ಅಂತ ಯಾರಾದರೂ ಹೇಳಿದರೆ ನನಗೆ ಬೇಜಾರಾಗುವುದು ಇದಕ್ಕೇ. ಶಾರ್ಪ್ ಹೆಸರು ಎಲ್ಲರ ಬಾಯಲ್ಲಿದೆ, ನೀಲ್ ಹೆಸರು ಅಷ್ಟಿಲ್ಲ. ಕಿಂಬರ್ ಕುಣಿಯುತ್ತಿದ್ದ ಹೆಡಿಂಗ್ಟನ್ ಕ್ವಾರಿ ತಂಡ ಈಗಲೂ ಇದೆ.

ಮುಖಕ್ಕೆ ಕಪ್ಪು ಬಳಿದುಕೊಂಡ ಫೋಟೋಗಳ ಬಗ್ಗೆಯೂ ಕೇಳಿದ್ದೀರಿ. ಅದು ಮುಖ್ಯವಾಗಿ ವೇಲ್ಸ್ ಗಡಿ ಭಾಗದ ಶೈಲಿಯಲ್ಲಿತ್ತು. ಕಪ್ಪು ವರ್ಣದವರಿಗೆ ಅದರಿಂದ ನೋವಾಗುತ್ತದೆ ಅಂತ 2020ರಲ್ಲಿ ಮಾರಿಸ್ ತಂಡಗಳ ಒಕ್ಕೂಟಗಳೇ ಅದನ್ನು ಬಿಡಬೇಕು ಎಂದವು. ಬಹಳ ತಂಡಗಳು ಈಗ ಬೇರೆ ಬಣ್ಣ ಹಚ್ಚುತ್ತವೆ. ಸರಿಯಾದದ್ದೇ ಆಯಿತು. ಕುಣಿತಕ್ಕೆ ಅದರಿಂದ ಏನೂ ಕಡಿಮೆಯಾಗಿಲ್ಲ.

ಟಿಕೆಟ್ ಏನೂ ಇಲ್ಲ. ಯಾರಾದರೂ ಟೋಪಿ ಹಿಡಿದು ಬಂದರೆ ಕೈಲಾದಷ್ಟು ಹಾಕಿ. ಕೆಲವೊಮ್ಮೆ ಕೊನೆಯ ಕುಣಿತಕ್ಕೆ ನೋಡುವವರನ್ನೂ ಎಳೆದುಕೊಳ್ಳುತ್ತಾರೆ. ನಿಮ್ಮ ಅಪ್ಪನ ಕೈ ಹಿಡಿದರೆ ತಡೆಯಬೇಡಿ, ಹೆಜ್ಜೆ ಅವರೇ ಹೇಳಿಕೊಡುತ್ತಾರೆ.