ಹುಲಿಯ ಹಲ್ಲು ಕೀಳಬೇಡಿ

ಸಂಪಾದಕರ ಉತ್ತರ

ಗುಡಿಬಂಡೆಯ ಓದುಗರೊಬ್ಬರು ಮೂವರು ಗೆಳೆಯರೊಡನೆ ಸೇರಿ ಮೈಸೂರು ಯುದ್ಧಗಳ ಕಾಲದ ವಿಡಿಯೊ ಗೇಮ್ ಒಂದನ್ನು ಕಟ್ಟುತ್ತಿದ್ದಾರೆ. ಚದುರಂಗದ ಹಾಗೆ ಸರದಿಯ ಮೇಲೆ ನಡೆಯುವ ಆಟ. ಅದರಲ್ಲಿ ಮೈಸೂರಿನ ವಿಶೇಷ ಪಡೆ ಬಾಣದವರದು, ಅಂದರೆ ರಾಕೆಟ್ ಹಾರಿಸುವವರದು. ಅದರ ಹೊಡೆತಕ್ಕೆ 40 ಅಂಕ ಇಟ್ಟಾಗ ಎಲ್ಲರೂ ಅದನ್ನೇ ಕಟ್ಟಿದರಂತೆ. 30ಕ್ಕೆ ಇಳಿಸಿದಾಗ ಯಾರೂ ಮುಟ್ಟಲಿಲ್ಲವಂತೆ. ‘35 ಇಟ್ಟರೆ ಸರಿಹೋದೀತೇ? ಎಲ್ಲ ಪಡೆಗಳೂ ಸಮಬಲದಲ್ಲಿರಬೇಕೆಂದು ನಿಮ್ಮ ಪತ್ರಿಕೆಯೇ ಬರೆದಿತ್ತಲ್ಲ?’ ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ, ಬರೆದದ್ದು ನಿಜ. ಆ ಮಾತು ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಮನಾಗಿರಬೇಕಾದದ್ದು ಇಬ್ಬರು ಆಟಗಾರರ ಗೆಲ್ಲುವ ಅವಕಾಶ. ಪಡೆಗಳನ್ನೂ ಸಮ ಮಾಡಿಬಿಟ್ಟರೆ ವಿಶೇಷ ಎನ್ನುವುದಕ್ಕೆ ಏನು ಉಳಿಯುತ್ತದೆ?

ನಮ್ಮ ಊರುಗಳ ಜಗಲಿಯ ಆಡು-ಹುಲಿ ಆಟವನ್ನು ನೆನೆಯಿರಿ. ಹುಲಿ ಮೂರು, ಆಡು ಹದಿನೈದು, ಮನೆ ಇಪ್ಪತ್ತಮೂರು. ಮುಳಬಾಗಿಲಿನ ಹತ್ತಿರದ ಹಳ್ಳಿಯೊಂದರಲ್ಲಿ ಅಜ್ಜನೂ ಮೊಮ್ಮಗಳೂ ಅದನ್ನು ಆಡುವುದನ್ನು ಕೂತು ನೋಡಿದ್ದೇನೆ. ಅಜ್ಜನವು ಮೂರು ಬೆಣಚುಕಲ್ಲು, ಹುಡುಗಿಯವು ಹುಣಸೆಬೀಜ. ನಡುವಿನ ಮನೆಗಳಿಗೆ ಆಸೆಪಟ್ಟು ಮೊದಲಲ್ಲೇ ನಾಲ್ಕು ಬೀಜ ಕಳೆದುಕೊಂಡಳು. ಆಮೇಲೆ ಅಂಚು ಹಿಡಿದು, ಒಂದರ ಬೆನ್ನಿಗೆ ಇನ್ನೊಂದನ್ನು ಇಡತೊಡಗಿದಳು. ಹಾರಲು ಆಚೆ ಮನೆ ಖಾಲಿ ಇಲ್ಲದೆ ಹುಲಿಗಳು ನಿಂತಲ್ಲೇ ನಿಂತವು. ಹುಲಿಯ ಬಲ ಆಗಲೂ ಕಡಿಮೆಯಾಗಿರಲಿಲ್ಲ. ಅದನ್ನು ಕಟ್ಟಿಹಾಕುವ ದಾರಿ ಆಡುಗಳ ಕೈಯಲ್ಲಿತ್ತು, ಅಷ್ಟೇ.

ನಿಮ್ಮ ಆಟದಲ್ಲಿ ಇಲ್ಲದಿರುವುದು ಇದೇ ದಾರಿ. 2016ರಲ್ಲಿ ಬಂದ ‘ಸಿವಿಲೈಜೇಷನ್ 6’ ಎಂಬ ವಿಡಿಯೊ ಗೇಮ್‌ನಲ್ಲಿ ಭಾರತಕ್ಕೆ ‘ವರು’ ಎಂಬ ಆನೆಪಡೆ ಇದೆ. ಬಲ 40, ಅದೇ ಕಾಲಘಟ್ಟದ ಕುದುರೆ ಸವಾರನಿಗೆ 36. ಸಾಲದೆಂಬಂತೆ, ಪಕ್ಕದ ಮನೆಯಲ್ಲಿ ನಿಂತ ಶತ್ರುವಿನ ಬಲವನ್ನು 5 ಅಂಕ ಕುಗ್ಗಿಸುತ್ತದೆ. ಆದರೆ ಕುದುರೆ ಒಂದು ಸರದಿಗೆ ನಾಲ್ಕು ಮನೆ ಓಡಿದರೆ ಆನೆಯದು ಎರಡೇ ಹೆಜ್ಜೆ, ಕಟ್ಟುವ ಖರ್ಚೂ ಜಾಸ್ತಿ. ಎದುರಾಳಿ ಅದನ್ನು ಸುತ್ತಿಬಳಸಿ ಹೋಗಿ ಹಿಂದಿನ ಊರಿಗೆ ನುಗ್ಗಬಲ್ಲ. ಆನೆ ಆನೆಯಾಗಿಯೇ ಉಳಿಯಿತು.

ಬಾಣಕ್ಕಂತೂ ಅದರದೇ ದೌರ್ಬಲ್ಯ ಇತಿಹಾಸದಲ್ಲೇ ಇದೆ, ನೀವು ಹೊಸದಾಗಿ ಹುಡುಕಬೇಕಿಲ್ಲ. ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಸೈನ್ಯದ ಬಾಣವೆಂದರೆ ಮದ್ದು ತುಂಬಿದ ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಬಿದಿರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಇಂಥ ಕೊಳವೆಗಳು ಸಾವಿರ ದಾಟಿ ಸಿಕ್ಕವು. ದೂರ ಹಾರುತ್ತಿತ್ತು, ಕುದುರೆಗಳನ್ನು ಬೆದರಿಸುತ್ತಿತ್ತು, ಒತ್ತಾಗಿ ನಿಂತ ಸೈನ್ಯವನ್ನು ಚೆದುರಿಸುತ್ತಿತ್ತು. ಆದರೆ ಗುರಿಯಿಟ್ಟ ಕಡೆಗೇ ಹೋಗುತ್ತದೆಂಬ ಭರವಸೆ ಇರಲಿಲ್ಲ.

ಆದ್ದರಿಂದ 40 ಹಾಗೆಯೇ ಇರಲಿ. ಹಾರಿಸಿದ ಬಾಣ ಕೆಲವು ಸಲ ಪಕ್ಕದ ಮನೆಗೆ ಬೀಳಲಿ; ಅಲ್ಲಿ ನಿಮ್ಮವರೇ ನಿಂತಿದ್ದರೆ ಅವರಿಗೂ ಪೆಟ್ಟು. ಚೆದುರಿ ಬರುವ ಶತ್ರುವಿನ ಮೇಲೆ ಅರ್ಧ ಹೊಡೆತ. ಶತ್ರು ಮೈಮೇಲೆ ಬಂದರೆ ಹಾರಿಸಲು ಆಗದಿರಲಿ. ಆಗ ಬಾಣದವರನ್ನು ಕಾಯಲು ಕಾಲಾಳು ಬೇಕಾಗುತ್ತದೆ, ಎದುರಾಳಿಗೂ ಒತ್ತಾಗಿ ನಿಲ್ಲಬಾರದೆಂಬ ಬುದ್ಧಿ ಬರುತ್ತದೆ. ನಿಮ್ಮ ಆಟದಲ್ಲಿ ಮಳೆಗಾಲವೂ ಇದೆ ಎಂದಿದ್ದೀರಿ. ಮದ್ದು ನೆನೆದರೆ ಏನಾಗಬೇಕೆಂದು ನಾನು ಹೇಳಬೇಕಿಲ್ಲ.

ಪರೀಕ್ಷೆಯ ವಿಷಯದಲ್ಲಿ ಒಂದು ಕೋರಿಕೆ. ಯಾರು ಎಷ್ಟು ಸಲ ಗೆದ್ದರೆಂದು ಮಾತ್ರ ಬರೆದಿಡಬೇಡಿ. ಬಾಣದವರನ್ನು ಕಟ್ಟಲು ಹೊರಟ ಆಟಗಾರ ಕೊಂಚ ತಡೆದು, ‘ಈ ಸಲ ಬೇಡ, ಕುದುರೆಯೇ ಸಾಕು’ ಎಂದುಕೊಂಡದ್ದು ಎಷ್ಟು ಸಲ ಎಂಬುದನ್ನೂ ಗುರುತು ಹಾಕಿ. ನಾಲ್ವರೂ ಹತ್ತು ಹತ್ತು ಆಟ ಆಡಿದ ಮೇಲೆ ಆ ಪಟ್ಟಿಯನ್ನು ನನಗೆ ಕಳುಹಿಸಿ. ಅಲ್ಲಿಯವರೆಗೆ ಬೇರೆ ಯಾವ ಅಂಕಿಯನ್ನೂ ಬದಲಿಸಬೇಡಿ.