ಘಾಟಿ ಏರುವಾಗ ಮಾತ್ರ ಕೂಲಂಟ್ ಲೈಟ್ ಬರುತ್ತದೆ, ಸೆನ್ಸರ್ ಹಾಳಾಗಿದೆಯಾ?

ಚಾರ್ಮಾಡಿ ಏರುವಾಗ ತಿರುವುಗಳಲ್ಲಿ ಕೂಲಂಟ್ ಲೈಟ್ ಬರುತ್ತದೆ, ಕೊಟ್ಟಿಗೆಹಾರ ದಾಟಿದ ಮೇಲೆ ಆರುತ್ತದೆ, ಟೆಂಪರೇಚರ್ ಮುಳ್ಳು ಮಾತ್ರ ನಡುವೆಯೇ ಇರುತ್ತದೆ ಅಂದಿದ್ದೀರಿ. ಸೆನ್ಸರ್ ಮೇಲೆ ಆಮೇಲೆ ಅನುಮಾನ ಪಡಿ, ಮೊದಲು ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಎಷ್ಟಿದೆ ನೋಡಿ. ನಾನು ಮೂಡಿಗೆರೆಯವನು. ಇದೇ ರಸ್ತೆಯಲ್ಲಿ ನನಗೂ ಹೀಗೇ ಆಗಿತ್ತು.

ಸಾಮಾನ್ಯವಾಗಿ ಈ ಲೈಟಿಗೆ ಇಂಜಿನ್ ಎಷ್ಟು ಬಿಸಿಯಾಗಿದೆ ಅಂತ ಗೊತ್ತಾಗುವುದಿಲ್ಲ. ಬಾನೆಟ್ ಒಳಗಿನ ಕೂಲಂಟ್ ಡಬ್ಬಿಯಲ್ಲಿ ಎಲ್ಲಿಯವರೆಗೆ ಇದೆ ಅನ್ನುವುದಷ್ಟೇ ಗೊತ್ತು. ಸುಮಾರು ಗಾಡಿಗಳಲ್ಲಿ ಡಬ್ಬಿಯೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ, ಮನೆಯ ನೀರಿನ ಟ್ಯಾಂಕಿನಲ್ಲಿ ಇರುತ್ತದಲ್ವಾ, ಹಾಗೆ. ಅದಕ್ಕೊಂದು ಮ್ಯಾಗ್ನೆಟ್. ಪಕ್ಕದಲ್ಲಿ ಪುಟ್ಟ ಗಾಜಿನ ಕೊಳವೆ, ಅದರೊಳಗೆ ಎರಡು ತೆಳು ಲೋಹದ ಪಟ್ಟಿ, ಅದೇ ಸ್ವಿಚ್. ಕೂಲಂಟ್ ಇಳಿದರೆ ಫ್ಲೋಟೂ ಇಳಿಯುತ್ತದೆ, ಮ್ಯಾಗ್ನೆಟ್ ಜಾಗ ಬದಲಾಗಿ ಆ ಸ್ವಿಚ್ ಕೆಲಸ ಮಾಡುತ್ತದೆ, ಲೈಟ್ ಬರುತ್ತದೆ. ಕೆಲವು ಗಾಡಿಗಳಲ್ಲಿ ಫ್ಲೋಟ್ ಬದಲು ಎರಡು ಲೋಹದ ಕಡ್ಡಿ ಇರುತ್ತವೆ. ಕೂಲಂಟ್ ಮೂಲಕ ಒಂದರಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಹರಿಯುತ್ತಿರಬೇಕು. ಅಂಥದ್ದಕ್ಕೆ ಬರೀ ಡಿಸ್ಟಿಲ್ಡ್ ವಾಟರ್ ಹಾಕಿದರೆ ಡಬ್ಬಿ ತುಂಬಿದ್ದರೂ ಲೈಟ್ ಆರದೇ ಇರಬಹುದು.

ಏರಿನಲ್ಲಿ, ತಿರುವಿನಲ್ಲಿ ಕೂಲಂಟ್ ಒಂದು ಬದಿಗೆ ಸರಿಯುತ್ತದೆ. ಸಾಕಷ್ಟು ಇದ್ದರೆ ಸರಿದರೂ ಏನೂ ಆಗುವುದಿಲ್ಲ. ಡಬ್ಬಿಯ ಮೇಲಿನ ಮಿನ್ (ಕನಿಷ್ಠ ಮಟ್ಟದ) ಗೆರೆಯ ಹತ್ತಿರಕ್ಕೆ ಇಳಿದಿದ್ದರೆ ಮಾತ್ರ ಫ್ಲೋಟ್ ಕೆಳಗೆ ಹೋಗುತ್ತದೆ. ನಿಮ್ಮದು ಬಹುಶಃ ಇದೇ.

ನನಗೆ ಒಬ್ಬ ಮೆಕ್ಯಾನಿಕ್ 'ಸೆನ್ಸರ್ ಹೋಗಿದೆ, ವೈರ್ ಕಿತ್ತುಬಿಡಿ' ಅಂದಿದ್ದರು. ಮನಸ್ಸು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಡಬ್ಬಿಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಮಿನ್ ಗೆರೆಗಿಂತ ಒಂದು ಬೆರಳು ಕೆಳಗಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಹೋಸ್ ಪೈಪಿನ ಕ್ಲಾಂಪ್ ಕೆಳಗೆ ಮಾತ್ರ ಉಪ್ಪು ಕಟ್ಟಿದ ಹಾಗೆ ತಿಳಿ ಗುಲಾಬಿ ಪುಡಿ ಅಂಟಿತ್ತು. ಇಂಜಿನ್ ಬಿಸಿಯಾದಾಗ ಒತ್ತಡಕ್ಕೆ ಹನಿ ಹನಿಯಾಗಿ ಹೊರಬಂದು ಅಲ್ಲೇ ಆರಿಹೋಗುತ್ತಿತ್ತು. ಹೊಸ ಕ್ಲಾಂಪ್ ಹಾಕಿಸಿದೆ, ಲೈಟ್ ಮತ್ತೆ ಬರಲಿಲ್ಲ.

ಮುಳ್ಳು ನಡುವೆಯೇ ಇದೆ ಅಂತ ಧೈರ್ಯ ಮಾಡಬೇಡಿ. ಟೆಂಪರೇಚರ್ ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ಕೂಲಂಟ್ ಖಾಲಿಯಾದರೆ ಅದು ಬರೀ ಗಾಳಿಯಲ್ಲಿ ಇರುತ್ತದೆ. ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಏರದೇ ಇರಬಹುದು.

ನೋಡುವುದಾದರೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಸಮತಟ್ಟಾದ ಜಾಗದಲ್ಲಿ ನೋಡಿ. ಬಿಸಿ ಇರುವಾಗ ದಯವಿಟ್ಟು ಮುಚ್ಚಳ ತೆಗೆಯಬೇಡಿ. ಒಳಗೆ ಒತ್ತಡ ಇರುತ್ತದೆ, 100 ಡಿಗ್ರಿ ದಾಟಿದ ಕೂಲಂಟ್ ಮುಖಕ್ಕೇ ಹಾರುತ್ತದೆ. ಮಿನ್, ಮ್ಯಾಕ್ಸ್ ಗೆರೆಗಳ ನಡುವೆ ಬರುವಷ್ಟು, ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ಹಾಕಿ. ಬೋರ್‌ವೆಲ್ ನೀರು ಬೇಡ, ಒಳಗೆ ಗಟ್ಟಿ ಪದರ ಕಟ್ಟುತ್ತದೆ.

ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು ವಾರ ಬಿಟ್ಟು ನೋಡಿ. ಇಳಿದಿಲ್ಲ, ಆದರೂ ಲೈಟ್ ಬರುತ್ತಿದೆ ಅಂದರೆ ಸೆನ್ಸರ್ ಬದಲಿಸಿ. ಇಳಿದಿದೆ, ಹೊರಗೆ ಎಲ್ಲೂ ಸೋರಿಕೆ ಕಾಣುತ್ತಿಲ್ಲ ಅಂದರೆ ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆತ ಕಾಫಿಯ ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಜಾಸ್ತಿ. ಆಗ ಗಾಡಿ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡೇ ಗ್ಯಾರೇಜಿಗೆ ತಲುಪಿಸಿ.