ಓದುಗರ ಪ್ರಶ್ನೆ: ಕ್ರೀಡೆಯ ಲಯ, ಬೆರಳಿನ ತಾಳ

ಪ್ರಶ್ನೆ: ಎರಡು ಮೂರು ಜನರ ಚಿಕ್ಕ ತಂಡವೊಂದು ರೂಪಿಸಿದ ರಿದಮ್ ಗೇಮ್ ಒಂದನ್ನು ಈಚೆಗೆ ಆಡಿ ಮುಗಿಸಿದೆ. ಟೇಬಲ್ ಟೆನಿಸ್, ಹರ್ಡಲ್ಸ್, ಭಾರ ಎತ್ತುವುದು ಹೀಗೆ ಒಂದೊಂದು ಲೆವೆಲ್‌ಗೆ ಒಂದೊಂದು ಕ್ರೀಡೆ. ಆದರೆ ಎಲ್ಲದಕ್ಕೂ ಇರುವುದು ಒಂದೇ ಗುಂಡಿ, ಅದನ್ನು ಸಂಗೀತದ ತಾಳಕ್ಕೆ ಸರಿಯಾಗಿ ಒತ್ತಬೇಕು. ನನಗೆ ಬಹಳ ಹಿಡಿಸಿತು. ನನ್ನ ಗೆಳೆಯ ಮಾತ್ರ ‘ಇದರಲ್ಲಿ ಕ್ರೀಡೆ ಎಲ್ಲಿದೆ? ಮೇಲೆ ಬಳಿದ ಬಣ್ಣವಷ್ಟೆ’ ಎನ್ನುತ್ತಾನೆ. ತಮ್ಮ ಅಭಿಪ್ರಾಯವೇನು?

ಉತ್ತರ: ನಿಮ್ಮ ಗೆಳೆಯರ ಆಕ್ಷೇಪ ಕೆಲವು ಲೆವೆಲ್‌ಗಳ ಮಟ್ಟಿಗೆ ನಿಜವಿರಬಹುದು, ಈ ಬಗೆಯ ಆಟಗಳಿಗೆಲ್ಲ ಅದನ್ನು ಅನ್ವಯಿಸಿದರೆ ನಾನು ಒಪ್ಪಲಾರೆ. ಪುರುಷರ 110 ಮೀಟರ್ ಹರ್ಡಲ್ಸ್ ಓಟವನ್ನೇ ನೋಡಿ. ಅದರಲ್ಲಿ ಹತ್ತು ಹರ್ಡಲ್‌ಗಳಿವೆ, ಒಂದರಿಂದ ಇನ್ನೊಂದಕ್ಕೆ 9.14 ಮೀಟರ್ ದೂರ. ನುರಿತ ಓಟಗಾರರು ಆ ನಡುವಿನಲ್ಲಿ ಮೂರೇ ಹೆಜ್ಜೆ ಇಟ್ಟು ಮುಂದಿನ ಹರ್ಡಲನ್ನು ದಾಟುತ್ತಾರೆ. ದಾಟುವುದನ್ನೂ ಸೇರಿಸಿ ಎಣಿಸಿದರೆ ನಾಲ್ಕು ಎಣಿಕೆಯ ಒಂದು ಆವರ್ತ ಸಿಗುತ್ತದೆ, ಕೊನೆಯ ಹರ್ಡಲ್‌ವರೆಗೂ ಅದೇ ಮರಳಿ ಮರಳಿ ಬರುತ್ತದೆ. ಒಂದು ಹೆಜ್ಜೆ ಗಿಡ್ಡವಾದರೂ ಮುಂದಿನ ಹರ್ಡಲಿಗೆ ಕಾಲು ತಗಲುವ ಅಪಾಯವಿದೆ. ಇಂಥ ಓಟಕ್ಕೆ ನಾಲ್ಕು ಎಣಿಕೆಯ ಸಂಗೀತವನ್ನು ಕೂಡಿಸಿ, ನಾಲ್ಕನೆಯದಕ್ಕೆ ಗುಂಡಿ ಒತ್ತಿ ಎಂದು ಹೇಳುವ ಆಟವು ಕ್ರೀಡೆಯ ಒಳಗೇ ಇದ್ದ ತಾಳವನ್ನು ಕಿವಿಗೆ ಕೇಳಿಸುತ್ತಿದೆಯೇ ಹೊರತು ಹೊರಗಿನಿಂದ ಏನನ್ನೂ ಅಂಟಿಸುತ್ತಿಲ್ಲ.

ಟೇಬಲ್ ಟೆನಿಸ್ ಇದಕ್ಕಿಂತಲೂ ಒಳ್ಳೆಯ ಉದಾಹರಣೆ. ಸರ್ವ್ ಮಾಡಿದ ಚೆಂಡು ನಿಯಮದಂತೆ ಮೊದಲು ಸರ್ವ್ ಮಾಡಿದವರ ಕಡೆ ಪುಟಿದು, ಬಲೆ ದಾಟಿ ಎದುರಾಳಿಯ ಕಡೆ ಪುಟಿಯಬೇಕು. ಟಕ್, ಟಕ್, ಆಮೇಲೆ ನಮ್ಮ ಹೊಡೆತ. ಮೊದಲೆರಡು ಸದ್ದು ಸೂಚನೆ, ಮೂರನೆಯದು ಉತ್ತರ. ರಿದಮ್ ಗೇಮ್ ಕಟ್ಟುವವರಿಗೆ ಬೇಕಾದದ್ದು ಇದೇ, ಎಂದರೆ ಒತ್ತುವ ಕ್ಷಣ ಬರುವ ಮೊದಲೇ ಅದು ಯಾವಾಗ ಬರುತ್ತದೆಂದು ಕಿವಿಗೆ ತಿಳಿಸುವ ಒಂದು ಸಹಜವಾದ ಸದ್ದು. ಈ ಕಲೆಯಲ್ಲಿ ಚಿಕ್ಕ ತಂಡಗಳಿಗೆ ಹಾದಿ ತೋರಿಸಿದ್ದು ನಿಂಟೆಂಡೊ ಕಂಪನಿ 2006ರಲ್ಲಿ ಆರಂಭಿಸಿದ ‘ರಿದಮ್ ಹೆವನ್’ ಸರಣಿ. ಅದರ 2011ರ ಕಂತಿನಲ್ಲಿ ಬೆಕ್ಕೊಂದು ನಾಯಿಯೊಂದು ವಿಮಾನಗಳಲ್ಲಿ ಹಾರುತ್ತಲೇ ಬ್ಯಾಡ್ಮಿಂಟನ್ ಆಡುವ ಭಾಗವಿದೆ. ಆಡುತ್ತಿರುವಂತೆಯೇ ಜೊತೆಗಾರನ ವಿಮಾನ ದೂರ ಸರಿಯುತ್ತದೆ, ಮತ್ತೆ ಹತ್ತಿರ ಬರುತ್ತದೆ. ಆದರೆ ತಾಳ ಕದಲುವುದಿಲ್ಲ. ಕಣ್ಣನ್ನು ನಂಬಿದವರು ತಪ್ಪುತ್ತಾರೆ, ಕಿವಿಯನ್ನು ನಂಬಿದವರು ಉಳಿಯುತ್ತಾರೆ. ಒಂದು ಲೆವೆಲ್ ಚೆನ್ನಾಗಿ ಮೂಡಿದೆಯೇ ಎಂದು ಪರೀಕ್ಷಿಸಲು ನಾನು ಅನುಸರಿಸುವ ಕ್ರಮವೂ ಇದೇ: ನಾಲ್ಕಾರು ಸಲ ಆಡಿದ ಮೇಲೆ ಕಣ್ಣು ಮುಚ್ಚಿ ಆಡಿ ನೋಡುತ್ತೇನೆ.

ಹಳೆಯ ಕ್ರೀಡಾ ಗೇಮ್‌ಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಕೊನಾಮಿ ಕಂಪನಿಯ 1983ರ ‘ಟ್ರ್ಯಾಕ್ ಆ್ಯಂಡ್ ಫೀಲ್ಡ್’ ಆರ್ಕೇಡ್ ಆಟದಲ್ಲಿ ಓಡಲು ಎರಡು ಗುಂಡಿಗಳನ್ನು ಸಾಧ್ಯವಾದಷ್ಟು ಬೇಗ ಬೇಗ ಬಡಿಯಬೇಕಿತ್ತು; ಬೆರಳು ಸೋತವರು ಸ್ಕೇಲನ್ನು ಗುಂಡಿಗಳ ಮೇಲೆ ಅದುರಿಸಿ ವೇಗ ಗಳಿಸುತ್ತಿದ್ದರು. ಅದರಲ್ಲಿ ದಣಿವಿತ್ತು, ಮೋಜೂ ಇತ್ತು. ಆದರೆ ಸರಿಯಾದ ಕ್ಷಣಕ್ಕಾಗಿ ಕಾದು, ಆ ಕ್ಷಣದಲ್ಲಿ ಮಾತ್ರ ಶಕ್ತಿ ಹಾಕುವ ಕ್ರೀಡಾಪಟುವಿನ ಸಂಯಮಕ್ಕೆ ಒಂದೇ ಗುಂಡಿಯ ಆಟವೇ ಹೆಚ್ಚು ಹತ್ತಿರ ಎಂದು ನಾನು ನಂಬಿದ್ದೇನೆ. ಇನ್ನು ನಿಮ್ಮ ಪಟ್ಟಿಯಲ್ಲಿರುವ ಭಾರ ಎತ್ತುವ ಲೆವೆಲ್‌ನಲ್ಲಿ ಗೆಳೆಯರ ಮಾತು ನಿಜವಾಗುವ ಸಂಭವವಿದೆ. ಒಂದೊಂದು ಪ್ರಯತ್ನವೂ ಒಮ್ಮೆ ಎತ್ತಿ ಇಳಿಸಿದರೆ ಮುಗಿಯುವ ಆ ಸ್ಪರ್ಧೆಗೆ ಮರಳಿ ಬರುವ ಆವರ್ತವಿಲ್ಲ. ಆದ್ದರಿಂದ ತಾಳವನ್ನು ಹೊರಗಿನಿಂದ ತಂದು ಹೊರಿಸಬೇಕಾಗುತ್ತದೆ.

ಪ್ರಶ್ನೆ: ಇಂಥದೇ ಒಂದು ಆಟದಲ್ಲಿ ನಾನು ತಾಳಕ್ಕೆ ಸರಿಯಾಗಿ ಒತ್ತಿದರೂ ಪ್ರತಿ ಸಲವೂ ‘ತಡವಾಯಿತು’ ಎಂದೇ ತೋರಿಸುತ್ತದೆ. ತಪ್ಪು ನನ್ನದೋ, ಆಟ ರೂಪಿಸಿದವರದೋ?

ಉತ್ತರ: ಪ್ರತಿ ಸಲವೂ ಒಂದೇ ಬಗೆಯಾಗಿ ತಡವಾಗುತ್ತಿದ್ದರೆ ತಪ್ಪು ಬಹುಮಟ್ಟಿಗೆ ನಿಮ್ಮದಲ್ಲ. ತಾಳ ತಪ್ಪುವವರು ಒಮ್ಮೆ ಮುಂದಾಗುತ್ತಾರೆ, ಒಮ್ಮೆ ಹಿಂದಾಗುತ್ತಾರೆ. ನೀವು ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದೀರಾ ಎಂಬುದನ್ನು ಮೊದಲು ಗಮನಿಸಿ. ಸಾಮಾನ್ಯ ಬ್ಲೂಟೂತ್ ಸಂಪರ್ಕದಲ್ಲಿ ಸದ್ದು ಕಿವಿಗೆ ತಲುಪುವಾಗ 200 ಮಿಲಿಸೆಕೆಂಡಿನಷ್ಟು ತಡವಾಗಬಹುದು. ನಿಮಿಷಕ್ಕೆ 120 ಬೀಟ್ ಇರುವ ಸಂಗೀತದಲ್ಲಿ ಒಂದು ಬೀಟಿಗೂ ಇನ್ನೊಂದಕ್ಕೂ ನಡುವೆ ಇರುವುದೇ 500 ಮಿಲಿಸೆಕೆಂಡ್. ಎಂದರೆ ನೀವು ಕೇಳುತ್ತಿರುವ ತಾಳ, ಆಟ ಎಣಿಸುತ್ತಿರುವ ತಾಳಕ್ಕಿಂತ ಬೀಟಿನ ಐದರಲ್ಲಿ ಎರಡು ಪಾಲು ಹಿಂದಿದೆ. ವೈರ್ ಇರುವ ಹೆಡ್‌ಫೋನಿಗೆ ಬದಲಾಯಿಸಿ. ಟಿವಿಯಲ್ಲಿ ಆಡುವುದಾದರೆ ಅದರ ‘ಗೇಮ್ ಮೋಡ್’ ಆನ್ ಮಾಡಿ, ಆಮೇಲೆ ಆಟದ ಸೆಟ್ಟಿಂಗ್ಸ್‌ನಲ್ಲಿರುವ ಕ್ಯಾಲಿಬ್ರೇಷನ್, ಎಂದರೆ ಸದ್ದು ಎಷ್ಟು ತಡವಾಗುತ್ತಿದೆ ಎಂದು ಅಳೆದು ಸರಿಹೊಂದಿಸುವ ಕ್ರಮ, ಮಾಡಿಕೊಳ್ಳಿ. ಕ್ಯಾಲಿಬ್ರೇಷನ್ ಮಾಡುವಾಗ ತೆರೆಯ ಮೇಲಿನ ಚಿತ್ರವನ್ನು ನೋಡದೆ ಸದ್ದಿಗಷ್ಟೇ ಒತ್ತಿದರೆ ಅಳತೆ ನಿಖರವಾಗಿ ಬರುತ್ತದೆ.

ಈ ಸೌಲಭ್ಯವೇ ಇಲ್ಲದ ರಿದಮ್ ಗೇಮನ್ನು, ಅದರ ಸಂಗೀತ ಎಷ್ಟೇ ಮಧುರವಾಗಿದ್ದರೂ, ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಚಿಕ್ಕ ತಂಡ ಎಂಬ ಕಾರಣಕ್ಕೆ ಚಿತ್ರಗಳು ಸರಳವಾಗಿರುವುದನ್ನು, ಲೆವೆಲ್‌ಗಳು ಕಡಿಮೆಯಿರುವುದನ್ನು ಸಂತೋಷದಿಂದ ಒಪ್ಪಿಕೊಳ್ಳಬಹುದು. ಆದರೆ ಆಟಗಾರ ಸರಿಯಾಗಿ ಒತ್ತಿದ್ದನ್ನು ತಪ್ಪೆಂದು ಎಣಿಸುವುದು ಅನ್ಯಾಯ.

ಪ್ರಶ್ನೆ: ನನ್ನ ತಂಗಿ ಒಳ್ಳೆಯ ಬ್ಯಾಡ್ಮಿಂಟನ್ ಆಟಗಾರ್ತಿ. ಆದರೆ ಈ ಆಟ ಆಡಲು ಕರೆದರೆ ‘ನನಗೆ ತಾಳಜ್ಞಾನವಿಲ್ಲ’ ಎಂದು ದೂರ ಸರಿಯುತ್ತಾಳೆ. ಅವಳಿಗೆ ಇದು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಶಟಲ್ ಬರುವ ಗತಿಯನ್ನು ಅಂದಾಜು ಮಾಡಿ ರಾಕೆಟ್ ಬೀಸುವವರಿಗೆ ಕಾಲದ ಅರಿವು ಇದ್ದೇ ಇರುತ್ತದೆ. ಅದನ್ನು ಅವರು ತಾಳವೆಂದು ಕರೆಯುವುದಿಲ್ಲ ಅಷ್ಟೆ. ಬ್ಯಾಡ್ಮಿಂಟನ್ ಅಥವಾ ಟೇಬಲ್ ಟೆನಿಸ್ ಲೆವೆಲ್‌ನಿಂದಲೇ ಆರಂಭಿಸಲಿ. ಮೊದಲ ಸಲ ಗುಂಡಿಯನ್ನು ಮುಟ್ಟದೆ, ಇಡೀ ಲೆವೆಲ್ ಮುಗಿಯುವವರೆಗೆ ಪಾದದಿಂದ ನೆಲ ತಟ್ಟುತ್ತ ಕೇಳಿಸಿಕೊಳ್ಳಲಿ. ಎರಡನೆಯ ಸಲ ಅಂಕಗಳತ್ತ ನೋಡದೆ ಆಡಲಿ. ಅವಳು ಆಡುವಾಗ ಪಕ್ಕದಲ್ಲಿ ಕುಳಿತು ನೀವು ‘ಈಗ, ಈಗ’ ಎಂದು ಹೇಳಿಕೊಡಬೇಡಿ. ನಿಮ್ಮ ಮಾತು ಅವಳ ಕಿವಿಗೆ ಬಿದ್ದು ಬೆರಳು ಚಲಿಸುವಷ್ಟರಲ್ಲಿ ಆ ಬೀಟ್ ದಾಟಿ ಹೋಗಿರುತ್ತದೆ.